ಬಿರುಗಾಳಿಗೆ ಒಂದು ಜೂಲ

ಮೇಜಿನ ಮೇಲೆ ಹಾಸಿದ ಜೂಲವನ್ನು ಹೂವಪ್ಪ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಕೆಂಪು ಮಖಮಲ್ಲು, ಅಂಚಿನುದ್ದಕ್ಕೂ ಕನ್ನಡಿ ಚೂರು, ನಡುವೆ ಹಳದಿ ದಾರದಲ್ಲಿ ‘ಬಿರುಗಾಳಿ’ ಎಂದು ಹೋರಿಯ ಹೆಸರು. ಹೋರಿಯ ಬೆನ್ನಿಗೆ ಹೊದಿಸುವ ಇಂಥ ಬಟ್ಟೆಗಾಗಿ ಹಾನಗಲ್ಲು, ಶಿಗ್ಗಾವಿ ಕಡೆಯಿಂದಲೂ ಜನ ಹಿರೇಕೆರೂರಿನ ನಸೀರಾಳ ಅಂಗಡಿಯನ್ನು ಹುಡುಕಿಕೊಂಡು ಬರುತ್ತಿದ್ದರು. ನಾಳೆ ದೀಪಾವಳಿ ಪಾಡ್ಯ, ಹೋರಿಗಳನ್ನು ಸಿಂಗರಿಸಿ ಓಡಿಸುವ ದಿನ. ಬಂದವರೆಲ್ಲ ಜೂಲ ಕಂಡ ಕೂಡಲೇ ಫೋನು ತೆಗೆದು ಫೋಟೋ ಹೊಡೆಯುವವರೇ. ಈತ ಮಾತ್ರ ಗೋಡೆಯ ಮೊಳೆಗೆ ತೂಗುಹಾಕಿದ್ದ ತಾನು ಅಳತೆಗೆಂದು ಕೊಟ್ಟ ದಾರವನ್ನು ತೆಗೆದುಕೊಂಡು ಜೂಲದ ಮೇಲೆ ಹಿಡಿದು ನೋಡಿದ.

“ದೊಡ್ಡದಾತಲ್ರೀ ಅಕ್ಕಾರ,” ಅಂದ. “ಇಲ್ಲೊಂದು ತೂತು ಬ್ಯಾರೆ ಬಿಟ್ಟೀರಿ.”

“ಮತ್ತ ಹೋರಿ ಹಿಣಿಲು ಎಲ್ಲಿ ಹೋಗಬೇಕು ಕಾಕಾ?” ಎಂದು ನಸೀರಾ, ಹೋರಿಯ ಬೆನ್ನಿನ ಡುಬ್ಬ ಹೊರಬರಬೇಕಾದ ಆ ತೂತಿನಲ್ಲಿ ಕೈ ತೂರಿಸಿ ನಕ್ಕಳು.

ಮೂರು ವಾರದ ಹಿಂದೆ ಈತ ಆರ್ಡರು ಕೊಟ್ಟ ದಿನವೇ ಅವಳಿಗೆ ಸೋಜಿಗವಾಗಿತ್ತು. ಬಟ್ಟೆ, ಹೊಲಿಗೆ ಸೇರಿ ಮೂರು ಸಾವಿರ, ಹೆಸರಿನ ಅಕ್ಷರಕ್ಕೆ ನೂರರಂತೆ, ಕನ್ನಡಿಯದು ಬೇರೆ ಎಂದು ಅವಳು ಹೇಳಿದ್ದಕ್ಕೆಲ್ಲ ಆತ ಹೂಂ ಅಂದಿದ್ದ. ಉಳಿದವರು ಐವತ್ತು ರೂಪಾಯಿಗೆ ಅರ್ಧ ತಾಸು ಜಗ್ಗಾಡುತ್ತಾರೆ. ಈತ ಚೌಕಾಸಿಯನ್ನೇ ಮಾಡಲಿಲ್ಲ. ಆಮೇಲೆ ನೋಡಿದರೆ ಒಳಗಡೆ ಅಸ್ತರಿನ ಬಟ್ಟೆ ಬೇಡ, ಗೆಜ್ಜೆ ಬೇಡ, ಹಿಣಿಲಿಗೆ ಜಾಗ ಬಿಡುವುದೂ ಬೇಡ. ಅಗಲಕ್ಕೆಂದು ಕೊಟ್ಟ ದಾರವೋ ಗಿಡ್ಡ. ಅಷ್ಟು ಅಗಲದ ಜೂಲ ಹೋರಿಯ ಎರಡೂ ಪಕ್ಕಕ್ಕೆ ಇಳಿಯುವಂತಿರಲಿಲ್ಲ. ನಸೀರಾಳ ಕೈ ಎಷ್ಟು ನಾಜೂಕೋ ನಾಲಿಗೆ ಅಷ್ಟೇ ಹರಿತ. ಅಂಗಡಿಯಲ್ಲಿ ಕುಳಿತಿದ್ದ ನಾಲ್ಕು ಗಿರಾಕಿಗಳ ಎದುರಿಗೇ, “ಹೋರಿ ಕಟ್ಟೋ ಶೋಕಿ ಐತಿ, ಅಸ್ತರಕ್ಕ ಕೈ ಬಿಚ್ಚವಲ್ದು ನಮ್ಮ ಕಾಕಾಂದು,” ಅಂದುಬಿಟ್ಟಿದ್ದಳು. ಎಲ್ಲರೂ ನಕ್ಕರು. ಹೂವಪ್ಪನೂ ನಕ್ಕಂತೆ ಮಾಡಿ, ಮುಂಗಡ ಕೊಟ್ಟು ಹೋಗಿದ್ದ.

ಗಿರಾಕಿ ಹೇಳಿದ ಅಳತೆಗೇ ಹೊಲಿ ಎಂದು ಗಂಡ ದಾದಾಪೀರ ಹೇಳಿ ನೋಡಿದ. ಅವಳು ಕೇಳಬೇಕಲ್ಲ. ಅಸ್ತರಿಲ್ಲದ ಜೂಲ ಮೊದಲ ಓಟಕ್ಕೇ ಹರಿದರೆ ಹೆಸರು ಕೆಡುವುದು ಯಾರದು? ಮುದುಕ ದಾರ ಹಿಡಿಯುವಾಗ ತಪ್ಪಿದ್ದಾನೆ ಎಂದುಕೊಂಡು ಬಲಿತ ಹೋರಿಯ ಅಳತೆಗೆ ಬಟ್ಟೆ ಕತ್ತರಿಸಿದಳು, ತನ್ನ ಕೈಯಿಂದಲೇ ಅಸ್ತರು ಹಾಕಿದಳು. ಇವತ್ತು ಬಂದವನು ಖುಷಿಪಡುತ್ತಾನೆ ಎಂದೇ ಅವಳ ಲೆಕ್ಕ.

“ಹೆಚ್ಚಿನ ಬಟ್ಟಿಗೆ, ಅಸ್ತರಕ್ಕ ಏನೂ ಕೊಡಬ್ಯಾಡ್ರಿ. ಹೋರಿ ಮ್ಯಾಲ ಹಾಕಿ ನೋಡ್ರಿ, ಕೂಡಲಿಲ್ಲಂದ್ರ ನಾ ಬಿಚ್ಚಿ ಹೊಲಿದು ಕೊಡ್ತೇನಿ.”

“ಹೋರಿ ಇಲ್ರಿ,” ಅಂದ ಹೂವಪ್ಪ. “ಇದು ನಮ್ಮ ಮೈಲಾರಿಗೆ ಮಣ್ಣು ಕೊಟ್ಟ ಜಾಗದ ಅಳತಿ.”

ಹೊಲಿಗೆ ಯಂತ್ರ ತುಳಿಯುತ್ತಿದ್ದ ದಾದಾಪೀರನ ಕಾಲು ನಿಂತಿತು. ಹೂವಪ್ಪ ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ ಹೇಳಿದ. ಮೈಲಾರಿ ಒಬ್ಬನೇ ಮಗ, ಇಪ್ಪತ್ತೆರಡು ವರ್ಷದವನು. ಬಿರುಗಾಳಿಯನ್ನು ಕರುವಿದ್ದಾಗಿನಿಂದ ಸಾಕಿದವನು ಅವನೇ. ಹೋದ ವರ್ಷ ಹಬ್ಬ ಇನ್ನು ಹದಿನೈದು ದಿನ ಇದೆ ಎನ್ನುವಾಗ ಜ್ವರ ಬಂತು, ಹಬ್ಬ ಬರುವುದರೊಳಗೆ ಅವನು ಹೋದ. ಪಾಡ್ಯದ ದಿನ ಸತ್ತವರ ಮುಂದೆ ಅವರು ಬಯಸಿದ್ದನ್ನು ಇಡುವುದು ಇವರ ಮನೆಯ ಪದ್ಧತಿ. ಹೋದ ವರ್ಷದ ಹಬ್ಬಕ್ಕೆ ಬಿರುಗಾಳಿಗೆ ನಸೀರಕ್ಕನ ಕೈಯಿಂದಲೇ ಜೂಲ ಹೊಲಿಸಬೇಕು ಎಂದು ಮಗ ಮನೆತುಂಬ ಹೇಳಿಕೊಂಡು ತಿರುಗಿದ್ದನಂತೆ. ಅದಕ್ಕೇ ನಾಳೆ ಇದನ್ನು ಅವನ ಸಮಾಧಿಯ ಮೇಲೆ ಹಾಸಬೇಕಿತ್ತು.

ನಸೀರಾ ಜೂಲವನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂರು ವಾರದ ಹಿಂದೆ ಆಡಿದ ಮಾತು ನೆನಪಾಗಿ, ನೆಲ ಬಾಯ್ತೆರೆಯಬಾರದೇ ಅನಿಸಿತು ಅವಳಿಗೆ. “ಅವತ್ತ ಯಾಕ ಹೇಳಲಿಲ್ಲ ಕಾಕಾ? ಅಷ್ಟು ಮಂದಿ ಮುಂದ ನಕ್ಕೆ ನಾನು.”

“ಹೇಳಿದ್ರ ನೀವು ರೇಟು ಇಳಸತಿದ್ರಿ. ಅವನ ವಸ್ತು ಕಮ್ಮಿ ರೇಟಿನ್ಯಾಗ ಒಯ್ಯೂದು ನನಗ ಬ್ಯಾಡಾಗಿತ್ತು.”

ನಸೀರಾ ಸೆರಗಿನಿಂದ ಕಣ್ಣೊರೆಸಿಕೊಂಡು, ಅರ್ಧ ತಾಸು ಕುಂದರ್ರಿ ಅಂದಳು. ಮೊದಲು ಈ ತೂತು ಮುಚ್ಚಿ, ಆಮೇಲೆ ದಾರದ ಅಳತೆಗೆ ಸರಿಯಾಗಿ ಸುತ್ತಲೂ ಮಡಚಿ ಹೊಲಿದುಕೊಡುವುದಾಗಿ ಹೇಳಿದಳು. ಅದೇ ಕೆಂಪು ಮಖಮಲ್ಲಿನ ತುಂಡೊಂದನ್ನು ಹುಡುಕಿ ತೂತಿನ ಮೇಲೆ ಇಟ್ಟಳು. ಸೂಜಿಗೆ ದಾರ ಪೋಣಿಸುವುದು ಅವಳಿಗೆ ಮೂರು ಸಲ ತಪ್ಪಿತು.

ಹೂವಪ್ಪ ಕುಳಿತುಕೊಳ್ಳಲಿಲ್ಲ. ಆ ತುಂಡನ್ನೇ ನೋಡುತ್ತ, ಇದುವರೆಗೆ ಹೆಂಡತಿ ಶಂಕ್ರವ್ವನ ಹತ್ತಿರವೂ ಬಾಯಿಬಿಟ್ಟು ಆಡದ ಮಾತನ್ನು ಹೇಳಿದ. ಮಗ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ್ದ ನಾಲ್ಕನೇ ದಿನವೇ ಬಿರುಗಾಳಿಯನ್ನು ಸವಣೂರು ಕಡೆಯವರಿಗೆ ಮಾರಿ ಆ ಹಣವನ್ನು ಔಷಧಕ್ಕೆ ಕಟ್ಟಿದ್ದ. ಮನೆಯಲ್ಲಿ ಗೊತ್ತಿತ್ತು, ಮಗನಿಗೆ ಮಾತ್ರ ಅದು ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ, ಹೋರಿ ಮೇವು ತಿಂತೇನಪ್ಪ ಎಂದು ಕೇಳುತ್ತಿದ್ದ. ತಿಂತು, ನೀರೂ ಕುಡೀತು, ಗೋದಲಿಯ ಮುಂದೆ ಆರಾಮ ಮಲಗಿದೆ ಎಂದು ಈತ ಹೇಳುತ್ತಿದ್ದ. ಹೋಗುವ ದಿನ ಬೆಳಗ್ಗೆಯೂ ಅವನು ಕೇಳಿದ, ಈತ ಹಾಗೇ ಹೇಳಿದ.

ನಸೀರಾ ಕೊನೆಗೂ ದಾರ ಪೋಣಿಸಿ ಮೊದಲ ಹೊಲಿಗೆಗೆ ಸೂಜಿ ಚುಚ್ಚಿದಳು. ಹೂವಪ್ಪ ತೂತಿಗೆ ಅಂಗೈ ಅಡ್ಡ ಇಟ್ಟ.

“ಮುಚ್ಚಬ್ಯಾಡ್ರೀ ಅಕ್ಕಾರ. ಹಿಣಿಲಿಗೆ ಜಾಗ ಇಲ್ಲದ ಜೂಲ ಹಾಸಿದ್ರ, ಹೋರಿ ಮಾರೇನಿ ಅಂತ ಅವಂಗ ತಿಳದುಬಿಡ್ತೈತಿ.”