ದವಡೆಯೊಳಗಿನವರ ಗೋತ್ರ

ಮನೆಯ ಹಿರಿಯರ ಬಾಯಿಯೊಳಗಿನ ಸಂಗತಿಯನ್ನು ಹೀಗೆ ನಾಲ್ಕು ಜನರ ಮುಂದೆ ಇಡುವುದು ಸರಿಯಲ್ಲ. ಸರಿಯಾಗಿ ಹೇಳಲು ಬರುತ್ತದೆಂಬ ಧೈರ್ಯವೂ ಇಲ್ಲ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬೆಳಗಿನ ಐದೂವರೆ. ಒದ್ದೆ ಧೋತರ ಉಟ್ಟ ಮಧ್ವೇಶ ನಡುಗುತ್ತ ತೊವ್ವೆ ಕಲಕುತ್ತಿದ್ದ. ಏಳಕ್ಕೆ ಹಿಂಜವಾಡಿಯ ಕಂಪನಿ ಬಸ್ಸು. ಒಳಕೋಣೆಯಿಂದ, ರಗ್ಗು ಹೊದ್ದುಕೊಂಡೇ, ತಾಯಿ ಗಂಗೂಬಾಯಿ ಕೂಗಿದರು.

“ಮಧೂ, ಅವರ ಗೋತ್ರ ಗೊತ್ತಾತೇನೋ?”

“ಇನ್ನೂ ಇಲ್ಲವ್ವಾ.”

“ಹಂಗಾರ ನೈವೇದ್ಯ ಇವತ್ತೂ ನಿಂದಽ.”

ನಲವತ್ತು ವರ್ಷ ಮಡಿ ಉಟ್ಟು ದೇವರ ಅಡಿಗೆ ಮಾಡಿದವರು ಗಂಗೂಬಾಯಿ. ಈಗ ಕೆಲವು ತಿಂಗಳಿಂದ ಒಲೆ ಮುಟ್ಟುತ್ತಿರಲಿಲ್ಲ. ತಪ್ಪು ಮಧ್ವೇಶನದು.

ಎಡದವಡೆಯ ಹಲ್ಲು ಬಿದ್ದು ಹನ್ನೆರಡು ವರ್ಷವಾಗಿ ಅಲ್ಲಿನ ಎಲುಬು ಸವೆದುಹೋಗಿತ್ತು. ಇಂಪ್ಲಾಂಟಿನ ತಿರುಪು ಕೂರಿಸೋಣವೆಂದರೆ ಹಿಡಿದುಕೊಳ್ಳಲು ಎಲುಬೇ ಸಾಲದು. ದಂತ ಆಸ್ಪತ್ರೆಯೊಂದರಲ್ಲಿ ಸಂಶೋಧನೆ ನಡೆದಿದೆ, ಮೊದಲು ಎಲುಬು ಬೆಳೆಸುತ್ತಾರೆ, ಆಮೇಲೆ ಪುಕ್ಕಟೆ ಹಲ್ಲು ಕೂರಿಸುತ್ತಾರೆ ಎಂದು ಮಧ್ವೇಶ ಒಪ್ಪಿಸಿ ಕರೆದೊಯ್ದ. ಒಂಬತ್ತು ಪುಟದ ಒಪ್ಪಿಗೆ ಪತ್ರಕ್ಕೆ ಸಾಕ್ಷಿಯೆಂದು ಸಹಿ ಹಾಕಿದ. ಓದಿದ್ದು ಮೂರು ಪುಟ.

ಎರಡು ತಾಸು ಹಿಡಿಯುತ್ತದೆ ಎಂದಿದ್ದರು. ಅರ್ಧ ತಾಸಿಗೇ ಗಂಗೂಬಾಯಿ ಹೊರಬಂದರು. ಕೆನ್ನೆಯ ತುಂಬ ಹತ್ತಿ. ಮಾತಾಡಿಸಬೇಡ ಎಂದು ಕೈಸನ್ನೆ. ಡಾಕ್ಟರರ ಕೈ ಭಾರಿ ಚುರುಕು ಎಂದುಕೊಂಡ ಮಧ್ವೇಶ. ಮೂರು ದಿನ ತಾಯಿ ಐಸ್‌ಕ್ರೀಮಿನ ಮೇಲೆಯೇ ಇದ್ದರು.

ಏಳನೆಯ ಪುಟವನ್ನು ಅವನು ಓದಿದ್ದು ಆ ಮೂರನೆಯ ದಿನ. ಅರ್ಧ ಜನರಿಗೆ ಕಾರ್ಖಾನೆಯಲ್ಲಿ ತಯಾರಾದ ಪುಡಿ ತುಂಬುತ್ತಾರೆ. ಇನ್ನರ್ಧ ಜನರಿಗೆ ತುಂಬುವುದು ಮೃತ ದಾನಿಗಳ ಎಲುಬಿನ ಪುಡಿ. ಯಾರಿಗೆ ಯಾವುದೆಂಬುದು ಮುಚ್ಚಿದ ಲಕೋಟೆಯಲ್ಲಿ. ಆರು ತಿಂಗಳು ಯಾರಿಗೂ ಹೇಳುವುದಿಲ್ಲ.

ಮಧ್ವೇಶ ತಾಯಿಯ ಕಾಲ ಬಳಿ ಕೂತು ಎಲ್ಲ ಒಪ್ಪಿಕೊಂಡ. ಗಂಗೂಬಾಯಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎಡಗೆನ್ನೆ ಮುಟ್ಟಿಕೊಂಡರು.

“ಯಾರೋ ಏನೋ ಪಾಪ, ನನ್ನ ದವಡ್ಯಾಗ ಬಂದು ಕೂತಾರ. ಅವರ ಗೋತ್ರ ತಿಳೀದ ನಾ ದೇವರ ಒಲಿ ಹೆಂಗ ಮುಟ್ಟಲಿ?”

ಅವನು ಹೆಂಡತಿ ಮಂಜರಿಯ ಮುಖ ನೋಡಿದ.

“ಎಲುಬು ತಂದವರು ನೀವು, ಮಡಿನೂ ನೀವಽ ಉಡ್ರಿ,” ಎಂದು ಅವಳು ಮಗರಪಟ್ಟಾದ ಆಫೀಸಿಗೆ ಹೊರಟುಹೋದಳು.

ದವಡೆಯೊಳಗಿನವರು ದಿನದಿಂದ ದಿನಕ್ಕೆ ಸಲಿಗೆ ಬೆಳೆಸಿದರು.

“ಅವರಿಗೆ ಉಳ್ಳಾಗಡ್ಡಿ ಭಜಿ ಬೇಕಂತ,” ಎಂದರು ಗಂಗೂಬಾಯಿ ಒಂದು ಸಂಜೆ.

“ಅವ್ವಾ! ಹುಟ್ಟಿದಾಗಿಂದ ನೀ ಉಳ್ಳಾಗಡ್ಡಿ ಮುಟ್ಟಿಲ್ಲ!”

“ನನಗ್ಯಾಕ ಬೇಕೋ? ಸತ್ತವರ ಆಶಾ ಉಳಿಸಬಾರದು.”

ತಂದುಕೊಟ್ಟ. ಅವರು ಬಲಗಡೆಯಿಂದ ಅಗಿದರು.

“ಅತ್ತಿಯವರ, ಅವರು ಇರೂದು ಎಡಗಡೆ ಅಲ್ರಿ?” ಎಂದಳು ಮಂಜರಿ.

“ಎಡಗಡೆ ಹಲ್ಲೆಲ್ಲಿ ಅವ? ವಾಸನಿ ಬಡದ್ರ ಸಾಕು ಅವರಿಗೆ.”

ಭಜಿಯಾದ ಮೇಲೆ ಮಿಸಳ್, ಮಿಸಳ್ ಆದ ಮೇಲೆ ಕೋಲ್ಡ್ ಕಾಫಿ. “ಮಾವನೋರು ಇದ್ದಾಗೂ ಇಷ್ಟು ಬೇಡಿಕಿ ಇರಲಿಲ್ಲ,” ಎಂದು ಮಂಜರಿ ಗೊಣಗಿದಳು.

ಗಂಗೂಬಾಯಿಯ ಮುಖ ಒಂದು ದಿನವೂ ಊದಲಿಲ್ಲ. “ಸಂಭಾವಿತ ಮನಿತನದವರು ಇರಬೇಕು, ತ್ರಾಸ ಕೊಡಲಿಲ್ಲ,” ಎನ್ನುತ್ತಿದ್ದರು. ಪ್ರತಿ ತಿಂಗಳ ಎರಡನೆಯ ಶನಿವಾರ ಎಲುಬು ಅಳೆಸಿಕೊಂಡು ಬರಲು ಒಬ್ಬರೇ ರಿಕ್ಷಾ ಹತ್ತುವರು. ಮಧ್ವೇಶ ಚಪ್ಪಲಿ ಮೆಟ್ಟಿದರೆ, “ನೀ ಬ್ಯಾಡ, ಅವರು ನಾಚ್ಕೋತಾರ,” ಎಂದು ತಡೆಯುವರು. ಸಂಜೆ ಮುಖ ಅರಳಿಸಿಕೊಂಡು ಮರಳುವರು.

ಮಧ್ವೇಶ ಮಾತ್ರ ಸೊರಗಿದ. ಎಷ್ಟೋ ಸಲ ಬಸ್ಸು ತಪ್ಪಿತು. ಮೀಟಿಂಗುಗಳಲ್ಲಿ ಸೀನಿದ. ಕಾರ್ಖಾನೆಯ ಪುಡಿ ಎಂದಾದರೆ ತಾಯಿ ಒಲೆಗೆ ಮರಳುತ್ತಾರೆ, ತನ್ನ ಎದೆಯ ಭಾರವೂ ಇಳಿಯುತ್ತದೆ. ಎಲುಬಾದರೆ? ತಾಯಿಯ ನಲವತ್ತು ವರ್ಷದ ಮಡಿಯನ್ನು ಒಂದು ಸಹಿಯಲ್ಲಿ ಕೆಡಿಸಿದ ಮಗ. ಒಮ್ಮೊಮ್ಮೆ ಸತ್ತವರ ಮೇಲೂ ಕನಿಕರ ಹುಟ್ಟುತ್ತಿತ್ತು. ಎಲ್ಲಿಯವರೋ ಏನೋ, ಇಷ್ಟು ದೂರ ಬಂದು ಈ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ಆರು ತಿಂಗಳು ತುಂಬಿತು.

“ಎಲುಬು ಇನ್ನೂ ಹಸಿ ಅದ ಅಂತ. ಮತ್ತಾರು ತಿಂಗಳು ಬೇಕಂತ,” ಎಂದರು ಗಂಗೂಬಾಯಿ, ಕೋಲ್ಡ್ ಕಾಫಿ ಹೀರುತ್ತ.

ಮತ್ತಾರು ತಿಂಗಳು! ಮಧ್ವೇಶ ಅರ್ಧ ದಿನ ರಜೆ ಹಾಕಿ ನೇರ ಆಸ್ಪತ್ರೆಗೆ ಹೋದ.

ಸಂಶೋಧನೆಯ ಡಾಕ್ಟರ್ ಹರ್ಷದಾ ಬೆಳಗಾವಿಯ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ಕುರ್ಚಿ ತೋರಿಸಿದರು.

“ಲಕೋಟೆ ಒಡದೀರೇನ್ರಿ, ಡಾಕ್ಟರ್?”

“ಹೋದ ವಾರನಽ ಒಡದೀವ್ರಿ.”

“ನಮ್ಮ ಅವ್ವಗ ಹಾಕಿದ್ದು ಎಲುಬೋ, ಪುಡಿಯೋ? ಎಲುಬಾದ್ರ... ಅವರ ಗೋತ್ರ ಬೇಕಾಗಿತ್ರಿ.”

ಹರ್ಷದಾ ಕನ್ನಡಕ ಸರಿಪಡಿಸಿಕೊಂಡರು. “ಗೋತ್ರದ ಕಾಲಂ ನಮ್ಮ ಫಾರ್ಮಿನ್ಯಾಗ ಇಲ್ರಿ. ಅವ್ವಾರ ಹೆಸರು?”

“ಗಂಗೂಬಾಯಿ. ಇಪ್ಪತ್ಮೂರನೇ ನಂಬರ್.”

ಅವರ ಬೆರಳು ಪಟ್ಟಿಯ ಮೇಲೆ ಎರಡು ಸಲ ಏರಿ ಇಳಿಯಿತು.

“ಇವರಾ? ದಾನಿ ಎಲುಬಿನ ಸುದ್ದಿ ಓದಿ ಹೇಳಿದ ಕೂಡಲೇ, ‘ನನಗ ಬ್ಯಾಡ ತಂಗಿ, ಮಗಗ ನಾನಽ ಹೇಳ್ತೀನಿ’ ಅಂತ ಕುರ್ಚಿಯಿಂದ ಇಳದುಬಿಟ್ರಲ್ರಿ. ಅವರ ಬಾಯಾಗ ನಾವು ಏನೂ ಹಾಕಿಲ್ಲ. ಹೋಗೂಮುಂದ ಒಂದು ಹಿಡಿ ಹತ್ತಿ ಇಸ್ಕೊಂಡ್ರು, ಅಷ್ಟಽ. ಆಮ್ಯಾಲೆ ಈ ಕಡೆ ಬಂದೇ ಇಲ್ಲ.”

ಹಾಗಾದರೆ ಆ ಆರು ಶನಿವಾರ ಗಂಗೂಬಾಯಿ ಹೋಗಿದ್ದೆಲ್ಲಿಗೆ, ಯಾರ ಬಳಿಗೆ ಎಂಬುದು ಮಧ್ವೇಶನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.