ಬ್ರೆಂಡಾ ಹೇಳಿಕೊಟ್ಟ ಅಕ್ಷರಗಳು

ಬಲಗಣ್ಣಿಗೆ ಕರಿಯ ಮುಚ್ಚಳ ಹಿಡಿದದ್ದೇ ತಡ, ಕ್ಲಿಫ್ ಓಲ್ಡ್‌ರಾಯ್ಡ್ ಬೆನ್ನು ನೆಟ್ಟಗೆ ಮಾಡಿ ಓದತೊಡಗಿದ. “ಇ. ಎಚ್, ಎನ್. ಡಿ, ಎಫ್, ಎನ್...” ಬೆಳಗಿನಿಂದ ಮಗಳ ಹೆಸರನ್ನೇ ಮೂರು ಸಲ ಮರೆತಿದ್ದವನ ಬಾಯಿಂದ ಅಕ್ಷರಗಳು ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು. ಎಡಗಡೆಯ ಕುರ್ಚಿಯಲ್ಲಿದ್ದ ಹೆಂಡತಿ ಬ್ರೆಂಡಾಳಿಗೆ ಸಮಾಧಾನವಾಯಿತು. ವಾರದಲ್ಲಿ ಎರಡು ಸಲ ಬಾಗಿಲಿನ ಚೌಕಟ್ಟಿಗೆ ಹಣೆ ಚಚ್ಚಿಕೊಂಡನೆಂದು ಅವನನ್ನು ಬ್ಯಾಟ್ಲಿ ಪೇಟೆಯ ಕನ್ನಡಕದಂಗಡಿಗೆ ಕರೆತಂದಿದ್ದಳು. ಕಣ್ಣು ಚೆನ್ನಾಗಿಯೇ ಇದೆಯಲ್ಲ.

“ಪಿ, ಟಿ, ಎಕ್ಸ್...” ಕ್ಲಿಫ್ ತಡವರಿಸಿದ.

“ಯು, ಝಡ್,” ಅಂದಳು ಬ್ರೆಂಡಾ. ಅವಳಿಗೆ ಅರಿವಿಲ್ಲದೆಯೇ ಅದು ಬಾಯಿಂದ ಬಂದುಬಿಟ್ಟಿತ್ತು.

ಕಣ್ಣು ಪರೀಕ್ಷಿಸುತ್ತಿದ್ದ ಸಮೀನಾ ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ನಿಂತಳು. “ಒಂದ್ನಿಮಿಷ ಸರ್. ನಾನಿನ್ನೂ ಅಕ್ಷರ ಹಾಕೇ ಇಲ್ವಲ್ಲ.”

ಎದುರು ಗೋಡೆಯ ಪರದೆ ಕಪ್ಪಗಿತ್ತು. ಸಮೀನಾ ಗುಂಡಿ ಒತ್ತಿದಳು. ಬೇರೆಯೇ ಅಕ್ಷರಗಳು ಮೂಡಿದವು. “ಈಗ ಓದಿ,” ಅಂದಳು. ಕ್ಲಿಫ್ ಮತ್ತೆ ಮೊದಲಿಂದ ಶುರುಮಾಡಿದ: “ಇ. ಎಚ್, ಎನ್.” ಅವಳು ಸಣ್ಣ ದೀಪ ಹಿಡಿದು ಅವನ ಎಡಗಣ್ಣಿನೊಳಗೆ ಬಹಳ ಹೊತ್ತು ಇಣುಕಿದಳು.

“ಈ ಕಣ್ಣಲ್ಲಿ ಏನೂ ಕಾಣ್ಸಲ್ಲಮ್ಮ. ಕಣ್ಣಿನ ಹಿಂದಿರೋ ರೆಟಿನಾ ಪೂರ್ತಿ ಕಿತ್ತುಹೋಗಿದೆ. ಇದು ಇವತ್ತು ನಿನ್ನೆದಲ್ಲ, ನಲವತ್ತು ವರ್ಷದ ಏಟು ಅಂದ್ರೂ ನಂಬ್ತೀನಿ.”

ಬಾಗಿಲ ಬಳಿ ಕೂತಿದ್ದ ವಿಲ್ಫ್ ಸಗ್ಡನ್ ತನ್ನ ಟೋಪಿಯ ಅಂಚನ್ನು ತಿರುವತೊಡಗಿದ. ಎಂಬತ್ತಾರರ ಮುದುಕ, ಒಂದು ಕಾಲಕ್ಕೆ ಕ್ಲಿಫ್‌ನ ಕೈಗೆ ಪಟ್ಟಿ ಸುತ್ತಿ, ಮುಖಕ್ಕೆ ನೀರು ಹೊಡೆದು, ಬಾಕ್ಸಿಂಗ್ ಅಖಾಡಕ್ಕೆ ನೂಕುತ್ತಿದ್ದ ತರಬೇತುದಾರ. ಇವತ್ತು ಇಬ್ಬರನ್ನೂ ಕಾರಿನಲ್ಲಿ ಕರೆತಂದವನೂ ಅವನೇ. ಅವನ ಮೋರೆ ಕಂಡದ್ದೇ ಬ್ರೆಂಡಾಳಿಗೆ ಅಕ್ಷರಗಳನ್ನು ಬರೆದಿದ್ದ ಆ ಹಳೆಯ ಚೀಟಿ ನೆನಪಾಯಿತು. ಅದು ವಿಲ್ಫ್‌ನ ಕೈಬರಹ. ಒಂದೊಂದು ಅಕ್ಷರ ಒಂದೊಂದು ಹೊಡೆತದ ಗುಟ್ಟು, ಅಖಾಡದ ಮೂಲೆಯಿಂದ ತಾನು ಕೂಗಿದರೆ ಎದುರಾಳಿಗೆ ತಿಳಿಯಬಾರದು, ಬಾಯಿಪಾಠ ಮಾಡಿಸು ಅಂದಿದ್ದ. ಬ್ರೆಂಡಾ ಬಟ್ಟೆ ಇಸ್ತ್ರಿ ಮಾಡುತ್ತ ಹದಿನೈದು ದಿನ ಹೇಳಿಕೊಟ್ಟಿದ್ದಳು. ತಪ್ಪಿಲ್ಲದೆ ಒಪ್ಪಿಸಿದ ದಿನ, ತೂಕ ಇಳಿಸಬೇಕಾದ ಗಂಡನಿಗೆ ವಿಲ್ಫ್‌ನ ಕಣ್ಣುತಪ್ಪಿಸಿ ಹುರಿದ ಮಾಂಸದ ಕೊಬ್ಬು ಸವರಿದ ಬ್ರೆಡ್ಡು ಕೊಡುತ್ತಿದ್ದಳು.

“ಹೊಡೆತದ ಗುಟ್ಟು ಅಂದಿದ್ದೆಯಲ್ಲೋ ವಿಲ್ಫ್.”

“ಸುಳ್ಳು ಹೇಳಿದ್ದೆ. ಬಾಕ್ಸಿಂಗ್ ಲೈಸೆನ್ಸಿಗೆ ಕಣ್ಣು ನೋಡೋ ಡಾಕ್ಟರ ಹತ್ರ ಇದ್ದ ಅಕ್ಷರದ ಹಲಗೆ ಒಂದೇ. ಅದನ್ನ ಬದಲಾಯಿಸ್ತಾನೇ ಇರ್ಲಿಲ್ಲ.”

“ಕುರುಡುಗಣ್ಣಲ್ಲಿ ಎಷ್ಟು ಪಂದ್ಯ ಆಡಿಸ್ದೆ?”

“ಆರು. ಇನ್ನೊಂದು ಸಲ ಗೆದ್ರೆ ಚಾಂಪಿಯನ್ ಬೆಲ್ಟು ಮನೇಲೇ ಉಳಿಯುತ್ತೆ ಅಂತ ಅವ್ನು ಹಟ ಹಿಡಿದು ಕೂತಿದ್ದ. ನಾನೂ ಬೇಡ ಅನ್ಲಿಲ್ಲ.”

ಬೆಲ್ಟು ಮನೆಯಲ್ಲೇ ಉಳಿದಿತ್ತು. ಮೂರು ಸಲ ಬ್ರಿಟನ್ನಿನ ಚಾಂಪಿಯನ್ ಆದವನಿಗೆ ಅದು ಸ್ವಂತ. ಆದರೆ ಆರನೆಯ ಪಂದ್ಯದಲ್ಲಿ ಡಾಂಕಾಸ್ಟರಿನ ಹೆಸರೇ ಕೇಳಿರದ ಹುಡುಗನೊಬ್ಬ ಇವನ ಎಡಗಡೆಯಿಂದ ಬೀಸಿದ ಹೊಡೆತಕ್ಕೆ, ಯಾರು ಬೇಕಾದರೂ ತಪ್ಪಿಸಿಕೊಳ್ಳಬಹುದಾಗಿದ್ದ ಆ ಸೋಮಾರಿ ಹೊಡೆತಕ್ಕೆ, ಕ್ಲಿಫ್ ಮುಖವೊಡ್ಡಿ ನಿಂತು ಮರ ಉರುಳಿದಂತೆ ಉರುಳಿದ್ದ. ದುಡ್ಡು ತಿಂದು ಬಿದ್ದ ಎಂದು ಪತ್ರಿಕೆಗಳು ಬರೆದವು. ಪಬ್ಬಿನಲ್ಲಿ ಗೆಳೆಯರು ಗ್ಲಾಸೆತ್ತಿಕೊಂಡು ಬೇರೆ ಮೇಜಿಗೆ ಹೋದರು. ಚಾಂಪಿಯನ್ ಮೂವತ್ತು ವರ್ಷ ಊರಿನ ಈಜುಕೊಳದ ನೆಲ ಒರೆಸಿದ. ಯಾರು ಕೇಳಿದರೂ ಅವನದು ಒಂದೇ ಉತ್ತರ: “ಆ ಏಟು ನಂಗೆ ಕಾಣ್ಲಿಲ್ಲ.” ಸೋತ ಪ್ರತಿಯೊಬ್ಬ ಬಾಕ್ಸರೂ ಹೇಳುವ ಮಾತು ಅದು, ಯಾರು ನಂಬುತ್ತಾರೆ? ಬ್ರೆಂಡಾಳೂ ನಂಬಿರಲಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಆವತ್ತಿನಿಂದ ಈವತ್ತಿನವರೆಗೆ ಆ ಬೆಲ್ಟಿನ ಧೂಳನ್ನು ಅವಳು ಒಮ್ಮೆಯೂ ಒರೆಸಿರಲಿಲ್ಲ.

“ಯಾಕೆ ಹೇಳ್ಲಿಲ್ಲ? ಊರೆಲ್ಲ ಉಗೀತಿದ್ದಾಗ ಒಂದು ಮಾತು ಯಾಕೆ ಹೇಳ್ಲಿಲ್ಲ ನೀವಿಬ್ರೂ?” ಬ್ರೆಂಡಾ ವಿಲ್ಫ್‌ನ ಕಡೆ ತಿರುಗಿದಳು.

“ನಾನು ಹೇಳೋಣ ಅಂದೆ ಬ್ರೆಂಡಾ, ದೇವ್ರಾಣೆ. ಅವ್ನೇ ತಡೆದ. ಅಕ್ಷರ ಕಲಿಸ್ದೋಳು ಅವ್ಳು, ಅವ್ಳಿಗೆ ಗೊತ್ತಾಗ್ಬಾರ್ದು, ಉಗಿಯೋರು ಉಗೀಲಿ ಬಿಡು ಅಂದ.”

ಬ್ರೆಂಡಾ ಕುರ್ಚಿಯ ಕೈ ಹಿಡಿದುಕೊಂಡೇ ಎದ್ದಳು. ಇಷ್ಟು ವರ್ಷ ಊಟಕ್ಕೂ, ಟಿವಿ ಮುಂದೂ, ಹಾಸಿಗೆಯಲ್ಲೂ ಗಂಡನ ಎಡಗಡೆಗೇ ಇದ್ದವಳು, ಕಾಲೆಳೆದುಕೊಂಡು ಸುತ್ತಿಬಂದು ಅವನ ಬಲಗಡೆ ನಿಂತಳು. ಸಮೀನಾ ಮೆಲ್ಲಗೆ ಮುಚ್ಚಳ ತೆಗೆದಳು.

ಕ್ಲಿಫ್ ಅವಳನ್ನು ನೋಡಿ ಮುಖವರಳಿಸಿದ. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಅವಳ ತೋಳು ಹಿಡಿದು ಹತ್ತಿರಕ್ಕೆಳೆದುಕೊಂಡು, ಪಿಸುಗುಟ್ಟಿದ:

“ಎಲ್ಲಾ ಸರಿಯಾಗಿ ಒಪ್ಪಿಸ್ದೆ ಅಲ್ವೇನೇ? ಬ್ರೆಡ್ಡು ಕೊಡು. ವಿಲ್ಫ್‌ಗೆ ಗೊತ್ತಾಗೋದು ಬೇಡ.”