ಭಾನುವಾರದ ಕುರಿ

ಚರ್ಚಿನ ಹಿರಿಯ ಫಾರ್ಕರ್ ಎಂದಿನಂತೆ ಹೆಗಲಿಗೆ ಹಗ್ಗ ಹಾಕಿಕೊಂಡು ಗೇಟಿನ ಮುಂದೆ ನಿಂತಾಗ, ಮುರ್ಡೀನಾ ಬೂಟಿನ ದಾರ ಕಟ್ಟಲೋ ಬೇಡವೋ ಎಂದು ಹೊಸ್ತಿಲಲ್ಲೇ ಕೂತಿದ್ದಳು. ಅವನ ಕುರಿಗಳೆಲ್ಲ ಗುರುವಾರವೇ ಲಾರಿ ಹತ್ತಿ ಸಂತೆಗೆ ಹೋದವೆಂದು ಊರೆಲ್ಲ ಹೇಳುತ್ತಿತ್ತು.

ಹೈಲ್ಯಾಂಡ್ ಗುಡ್ಡನಾಡಿನ ಆ ಭೂಶಿರದಲ್ಲಿ ಭಾನುವಾರ ಸುಮ್ಮನೆ ತಿರುಗಾಡುವಂತಿಲ್ಲ. ಅದು ದೇವರ ದಿನ. ಆದರೆ ದಾರಿತಪ್ಪಿದ ಕುರಿಯನ್ನು ಹುಡುಕಬಹುದು, ಅದು ದಯೆಯ ಕೆಲಸ. ಹೀಗಾಗಿ ನಾಲ್ಕು ವರ್ಷದಿಂದ ವಿಧುರ ಫಾರ್ಕರನ ಒಂದಲ್ಲ ಒಂದು ಕುರಿ, ಸರಿಯಾಗಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಪ್ಪಿಸಿಕೊಳ್ಳುತ್ತಿತ್ತು. ಹುಡುಕಲು ಎರಡು ಜೊತೆ ಕಣ್ಣು ಬೇಕಲ್ಲ ಎಂದು ವಿಧವೆ ಮುರ್ಡೀನಾ ಜೊತೆಗೆ ಹೋಗುತ್ತಿದ್ದಳು. ಕಡಲಂಚಿನ ಆ ಒಂದು ಗಂಟೆಯ ಸುತ್ತಿಗಾಗಿಯೇ ಅವಳು ಉಳಿದ ಆರು ದಿನ ನೂಕುತ್ತಿದ್ದುದು.

ಪಕ್ಕದ ಮನೆಯ ಇಸೋಬೆಲ್ ಕಿಟಕಿ ತೆರೆದಳು. “ಏನು ಹಿರಿಯರೆ, ಕುರಿ ಎಲ್ಲ ಮಾರಿದ್ದಾಯ್ತಲ್ಲ. ಹಗ್ಗ ಯಾರ ಕುತ್ತಿಗೆಗೆ?”

“ಒಂದು ಕುರಿ ಲಾರಿ ಹತ್ಲಿಲ್ಲ ಕಣಮ್ಮ,” ಎಂದ ಫಾರ್ಕರ್. ಮುರ್ಡೀನಾ ಗಡಿಬಿಡಿಯಲ್ಲಿ ದಾರ ಕಟ್ಟಿದಳು.

ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಕೆಳಗೆ ಬಂಡೆಗಳ ಮೇಲೆ ಸೀಲು ಪ್ರಾಣಿಗಳು ಬಿಳಿ ಮರಿಗಳನ್ನು ಮಗ್ಗುಲಿಗೆ ಹಾಕಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಬಿದ್ದುಕೊಂಡಿದ್ದವು. ಗುಡ್ಡದ ಮೇಲೆಲ್ಲೋ ಗಂಡುಜಿಂಕೆ ಹೆಣ್ಣಿಗಾಗಿ ಗುಟುರು ಹಾಕಿತು.

“ಅದಕ್ಕೆ ನೆಪ ಹುಡುಕೋ ಕಷ್ಟ ಇಲ್ಲ,” ಎಂದಳು ಮುರ್ಡೀನಾ. ಫಾರ್ಕರ್ ಕೆಮ್ಮಿ, ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟ.

“ನಿನ್ನ ಹಟ್ಟೀಲಿ ಒಂದು ಬಾಲಾನೂ ಉಳಿದಿಲ್ಲ, ನಾನೇ ಇಣುಕಿ ನೋಡ್ದೆ. ಈ ವಯಸ್ಸಲ್ಲಿ ಸುಳ್ಳು ಬೇರೆ. ಮುಂದಿನ ವಾರದಿಂದ ಏನು ಹೇಳ್ಕೊಂಡು ಬರ್ತೀಯ?”

“ಬಾ ಸುಮ್ನೆ.”

ಅರ್ಧ ದಾರಿಯೂ ಆಗಿರಲಿಲ್ಲ. ಕುಸಿದ ಗೋಡೆಯ ಮರೆಯಲ್ಲಿ ಹರಿದ ಕಿವಿಯ, ಹಲ್ಲುದುರಿದ ಮುದಿ ಕುರಿಯೊಂದು ಹುಲ್ಲನ್ನು ಬಾಯಲ್ಲಿ ಆಚೀಚೆ ಹೊರಳಿಸುತ್ತ ನಿಂತಿತ್ತು. ಅದರ ಕೊರಳಿನಿಂದ ಹೊರಟ ಹಗ್ಗ, ದೋಣಿ ಕಟ್ಟುವ ಕಬ್ಬಿಣದ ಬಳೆಗೆ ಭದ್ರವಾಗಿ ಬಿಗಿದಿತ್ತು.

“ತಪ್ಪಿಸಿಕೊಂಡ ಕುರಿ ಇದೇನಾ? ಕಟ್ಟಿಹಾಕಿದೀಯಲ್ಲೋ.”

“ಕಟ್ಟದಿದ್ರೆ ಎಲ್ಲಾದ್ರೂ ಕಳೆದುಹೋಗುತ್ತೆ,” ಎಂದ ಫಾರ್ಕರ್, ಪ್ರಾರ್ಥನೆ ಓದುವಷ್ಟೇ ಗಂಭೀರವಾಗಿ. “ನಿನ್ನೆ ಶನಿವಾರಾನೇ ಕಟ್ಟಿದ್ದು. ಇವತ್ತು ಗಂಟು ಹಾಕಿದ್ರೆ ಪಾಪ.”

ಮುರ್ಡೀನಾ ಕುರಿಯ ಹಣೆ ಕೆರೆದಳು. ಕುರಿ ಸಿಕ್ಕಮೇಲೆ ಮನೆಗೆ ತಿರುಗಲೇಬೇಕು. ಹಿಂದೆ ಇಸೋಬೆಲಳ ಕಿಟಕಿ ಇನ್ನೂ ಕಾಣುತ್ತಿತ್ತು. ಮುಂದೆ ಭೂಶಿರದ ತುದಿಯವರೆಗೂ ಬಿಸಿಲು ಬಿದ್ದಿತ್ತು.

“ಮುಂದಿನ ಶನಿವಾರ,” ಎಂದಳು, “ಇನ್ನೊಂದು ಮೈಲಿ ಆಚೆ ಕಟ್ಟು.”